ಸೈಟಿನ ಬೆಲೆ ಮೇಲೆ ಪಿಎಚ್‌ಡಿ ಮಾಡಬಹುದೇ?

ಪ್ರಶ್ನೆ: ಎಂ.ಎ. ಅರ್ಥಶಾಸ್ತ್ರ ಮುಗಿಸಿದ್ದೇನೆ. ಮನೆ, ಸೈಟುಗಳ ಬೆಲೆ ಬಗ್ಗೆ ಸಂಶೋಧನೆ ಮಾಡುವ ಆಸೆ. ಅಪ್ಪ "ಅದು ಬ್ರೋಕರ್ ಕೆಲಸ ಅಲ್ವಾ?" ಅನ್ನುತ್ತಾರೆ. ಏನು ಹೇಳಲಿ ಮೇಡಂ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ತಂದೆಯವರಿಗೆ ಒಂದು ಉದಾಹರಣೆ ಕೊಡಿ. 2011ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೆಟ್ರೊ ಶುರುವಾಯಿತು. ನಿಲ್ದಾಣದ ಹತ್ತಿರ ಮನೆ ಬೆಲೆ ಏರಿದರೆ ಅದು ಮೆಟ್ರೊದಿಂದಲೋ, ಐಟಿ ಕಂಪನಿಗಳಿಂದಲೋ? ಅದೇ ಬಗೆಯ, ಆದರೆ ಮೆಟ್ರೊ ಇಲ್ಲದ ಬಡಾವಣೆಯನ್ನು ಜೊತೆಗಿಟ್ಟುಕೊಂಡು, ಎರಡೂ ಕಡೆ ಮೆಟ್ರೊಗೆ ಮುಂಚಿನ ಮತ್ತು ಆಮೇಲಿನ ಬೆಲೆ ಹೋಲಿಸುತ್ತೇವೆ. ನನಗೆ ತುಂಬಾ ಇಷ್ಟದ ಕೆಲಸ ಇದು.

ಕಷ್ಟ ಇರುವುದು ಅಂಕಿಅಂಶದಲ್ಲಿ. ಕ್ರಯಪತ್ರದಲ್ಲಿ ಬರೆದ ಬೆಲೆ ಎಷ್ಟೋ ಸಲ ಮಾರ್ಗಸೂಚಿ ದರದ (ನೋಂದಣಿಗೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ಬೆಲೆಯ) ಹತ್ತಿರವೇ ನಿಲ್ಲುತ್ತದೆ. ಕೈಬದಲಾದ ಹಣ ಜಾಸ್ತಿ ಇರುತ್ತದೆ. ಹಾಗಾಗಿ ಒಂದೇ ಮೂಲ ನಂಬಬೇಡಿ. ರಾಷ್ಟ್ರೀಯ ವಸತಿ ಬ್ಯಾಂಕ್ 2007ರಲ್ಲಿ ಶುರುಮಾಡಿದ ರೆಸಿಡೆಕ್ಸ್ ಸೂಚ್ಯಂಕ ನೋಡಿ, ಅದು ಮನೆ ಬೆಲೆಗಳ ಏರಿಳಿತ ತೋರಿಸುತ್ತದೆ. ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ (ರೇರಾ) ಜಾಲತಾಣದಲ್ಲಿ ಹೊಸ ಯೋಜನೆಗಳ ವಿವರ ಇದೆ. ಜೊತೆಗೆ ಬೀದಿಗೂ ಇಳಿಯಿರಿ. ನಿಮ್ಮ ಊರಿನ ಪಿ.ಜೆ. ಬಡಾವಣೆ, ವಿದ್ಯಾನಗರಗಳಲ್ಲಿ ಬಾಡಿಗೆ ವಿಚಾರಿಸಿ ಬರೆದಿಡಿ. ನಮ್ಮಲ್ಲಿ ಸಂಶೋಧನೆಯೆಲ್ಲ ಬೆಂಗಳೂರಿನ ಸುತ್ತಲೇ ಸುತ್ತುತ್ತಿದೆ. ದಾವಣಗೆರೆಯಂಥ ಊರುಗಳ ಬಗ್ಗೆ ಬರೆಯುವವರು ನಮಗೆ ಬೇಕು.

ರಾಷ್ಟ್ರೀಯ ಅರ್ಹತಾ ಪರೀಕ್ಷೆ (ನೆಟ್) ಬರೆಯಿರಿ. ಎಕನಾಮೆಟ್ರಿಕ್ಸ್ (ಆರ್ಥಿಕ ಅಂಕಿಅಂಶಗಳ ವಿಶ್ಲೇಷಣೆ) ಗಟ್ಟಿ ಮಾಡಿಕೊಳ್ಳಿ, ಸ್ಥಳದ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ತೋರಿಸುವ ಜಿಐಎಸ್ ನಕ್ಷೆ ಮಾಡಲು ಕಲಿಯಿರಿ. ಬೆಂಗಳೂರಿನ ನಾಗರಬಾವಿಯಲ್ಲಿರುವ ಸಮಾಜವಿಜ್ಞಾನ ಸಂಶೋಧನಾ ಸಂಸ್ಥೆ ಐಸೆಕ್‌ನ ಪಿಎಚ್‌ಡಿ ಪ್ರಕಟಣೆ ಗಮನಿಸಿ. ಅರ್ಜಿಯ ಜೊತೆ ಆ ಬಾಡಿಗೆ ಪಟ್ಟಿಯನ್ನೂ ಇಡಿ.