ಬಿದಿರಿನ ಗಳಗಳ ನಡುವೆ ಗದ್ದೆಯ ಹಕ್ಕಿ

ಪ್ರಶ್ನೆ: ನಮ್ಮೂರ ಶಾಲೆಯ ಮಕ್ಕಳು ಫಿಲಿಪೀನ್ಸಿನ ಬಿದಿರು ಕುಣಿತವನ್ನು ಕಲಿಯುತ್ತಿದ್ದಾರೆ. ಆ ದೇಶದ ಜಾನಪದ ಕುಣಿತಗಳಿಗೂ ಒಕ್ಕಲುತನಕ್ಕೂ ಸಂಬಂಧವಿದೆಯೇ?
– ಓದುಗರೊಬ್ಬರು, ಜಮಖಂಡಿ

ಉತ್ತರ: ಸಂಬಂಧ ಬಹಳ ಆಳವಾದುದು. ನೀವು ಹೇಳಿದ ಕುಣಿತದ ಹೆಸರು ಟಿನಿಕ್ಲಿಂಗ್. ಅದರ ತವರು ಲೇಯ್ಟೆ ದ್ವೀಪ. ನಮ್ಮ ಭಾಗದ ರೈತರು ಜೋಳದ ತೆನೆ ಕಾಯಲು ಅಟ್ಟವೇರಿ ಕವಣೆ ಬೀಸುವಂತೆ, ಅಲ್ಲಿಯ ರೈತರು ಭತ್ತಕ್ಕೆ ಮುತ್ತುವ ಟಿಕ್ಲಿಂಗ್ ಎಂಬ ಉದ್ದಕಾಲಿನ ಹಕ್ಕಿಗಳಿಗಾಗಿ ಬಿದಿರಿನ ಬಲೆಗಳನ್ನು ಒಡ್ಡುತ್ತಿದ್ದರೆಂದೂ, ಅವುಗಳಿಗೆ ಸಿಕ್ಕದೆ ಹಕ್ಕಿಗಳು ಜಿಗಿದು ಪಾರಾಗುತ್ತಿದ್ದ ಚುರುಕೇ ಈ ಹೆಜ್ಜೆಗಳಿಗೆ ಮೂಲವೆಂದೂ ಅಲ್ಲಿನವರು ಹೇಳುತ್ತಾರೆ. ಇಬ್ಬರು ಕುಳಿತು ಎರಡು ಗಳಗಳನ್ನು ಎರಡು ಸಲ ಕೆಳಗೆ ಬಡಿದು ಮೂರನೆಯ ಸಲ ಒಂದಕ್ಕೊಂದು ತಾಗಿಸುತ್ತಾರೆ. ಆ ಮೂರನೆಯ ಪೆಟ್ಟಿನೊಳಗೆ ಕುಣಿಯುವವರ ಕಾಲು ಹೊರಗಿರಬೇಕು. ಬೆಳೆಗೆ ಹಾನಿ ಮಾಡುವ ಹಕ್ಕಿಯ ಚೆಲುವನ್ನೂ ರೈತನ ಕಣ್ಣು ಗಮನಿಸಿತೆಂಬುದು ನನಗೆ ಇದರಲ್ಲಿ ಅತ್ಯಂತ ಪ್ರಿಯವಾದ ಸಂಗತಿ.

ಸುರಿಗಾವೊ ಪ್ರದೇಶದ ಇತಿಕ್-ಇತಿಕ್ ಎಂಬ ಕುಣಿತ ಬಾತುಕೋಳಿಯ ನಡಿಗೆಯನ್ನೂ ರೆಕ್ಕೆ ಬಡಿತವನ್ನೂ ಅನುಕರಿಸುತ್ತದೆ. ಲಗುನಾ ಪ್ರಾಂತ್ಯದ ಬಿನ್ಯಾನ್ ಊರಿನ ಮಗ್ಲಲಾತಿಕ್‌ನಲ್ಲಿ ಗಂಡಸರು ಎದೆ, ಬೆನ್ನು, ತೊಡೆಗಳಿಗೆ ತೆಂಗಿನ ಚಿಪ್ಪು ಕಟ್ಟಿಕೊಂಡು, ಕೈಯಲ್ಲಿರುವ ಚಿಪ್ಪುಗಳಿಂದ ಅವನ್ನು ಬಡಿಯುತ್ತ ಕುಣಿಯುತ್ತಾರೆ. ಈ ಕುಣಿತ ಹೇಳುವ ಕಥೆ ಕಾಳಗದ್ದಾದರೂ, ರೈತರ ಪೋಷಕ ಸಂತನಾದ ಸಾನ್ ಇಸಿದ್ರೊಗೆ ಅದನ್ನು ಹರಕೆಯಾಗಿ ಅರ್ಪಿಸುವುದುಂಟು.

ಈ ಕುಣಿತಗಳನ್ನು ಊರೂರು ತಿರುಗಿ ದಾಖಲಿಸಿದವರಲ್ಲಿ ಫ್ರಾನ್ಸಿಸ್ಕಾ ರೇಯೆಸ್ ಅಕಿನೊ ಪ್ರಮುಖರು. 1973ರಲ್ಲಿ ಅವರಿಗೆ ಆ ದೇಶದ ರಾಷ್ಟ್ರೀಯ ಕಲಾವಿದೆ ಗೌರವ ಸಂದಿತು. ನಿಮ್ಮ ಮಕ್ಕಳಿಗೆ ಮೊದಲು ನೆಲದ ಮೇಲೆ ಎರಡು ಗೆರೆ ಎಳೆದು ಹೆಜ್ಜೆ ರೂಢಿ ಮಾಡಿಸಿ, ಲಯ ಕೂತ ಬಳಿಕವೇ ಗಳಗಳನ್ನು ಬಳಸುವುದು ಕಾಲಿಗೆ ಕ್ಷೇಮ.