ಕ್ಲೋರಿನ್ ಹಾಕಿದರೂ ಪಾಚಿ ಏಕೆ ಕಟ್ಟುತ್ತದೆ?

ಪ್ರಶ್ನೆ: ನಮ್ಮದು ಜೆ.ಪಿ. ನಗರದಲ್ಲಿ 90 ಮನೆಗಳಿರುವ ಅಪಾರ್ಟ್‌ಮೆಂಟ್. ಎಲ್ಲರೂ ಬಳಸುವ ಈಜುಕೊಳದಲ್ಲಿ ಸುಮಾರು 1 ಲಕ್ಷ ಲೀಟರ್ ನೀರಿದೆ. ತುಂಬಿಸುವುದು ಬೋರ್‌ವೆಲ್ ಮತ್ತು ಟ್ಯಾಂಕರ್ ನೀರಿನಿಂದ. ನಿರ್ವಹಣೆಯವರು ದಿನವೂ ಕಾಲು ಕಿಲೋ ಟಿಸಿಸಿಎ 90 ಎಂಬ ಕ್ಲೋರಿನ್ ಪುಡಿ ಹಾಕುತ್ತಾರೆ, ಪರೀಕ್ಷೆಯ ಕಿಟ್‌ನಲ್ಲಿ ಹಳದಿ ಬಣ್ಣವೂ ಚೆನ್ನಾಗಿಯೇ ಬರುತ್ತದೆ. ಆದರೂ ಯುಗಾದಿ ಕಳೆದ ಮೇಲೆ ಗೋಡೆಗಳು ಜಾರತೊಡಗಿದವು, ಈಗ ನೀರೇ ಹಸಿರಾಗಿದೆ. ಎರಡು ಬಾರಿ ದುಪ್ಪಟ್ಟು ಪುಡಿ ಹಾಕಿಸಿದರೂ ವಾರದೊಳಗೆ ಮತ್ತೆ ಅದೇ ಸ್ಥಿತಿ. ನೀರನ್ನೆಲ್ಲ ಖಾಲಿ ಮಾಡಿ ಹೊಸದಾಗಿ ತುಂಬಿಸುವುದೊಂದೇ ದಾರಿಯೇ?
— ನಿವಾಸಿಗಳ ಸಂಘದ ಕಾರ್ಯದರ್ಶಿ, ಬೆಂಗಳೂರು

ಉತ್ತರ: ದಯವಿಟ್ಟು ಖಾಲಿ ಮಾಡಿಸಬೇಡಿ. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ತೀವ್ರವಾದಾಗ ಜಲಮಂಡಳಿಯು ಈಜುಕೊಳಗಳಿಗೆ ಕುಡಿಯುವ ನೀರನ್ನು ಬಳಸಬಾರದೆಂದು ನಿಷೇಧಿಸಿದ್ದು ತಮಗೆ ನೆನಪಿರಬಹುದು. ಅಂಥ ಊರಿನಲ್ಲಿ ಪಾಚಿಯ ಕಾರಣಕ್ಕೆ ಲಕ್ಷ ಲೀಟರ್ ನೀರನ್ನು ಚರಂಡಿಗೆ ಬಿಡುವುದು ಸರಿಯಲ್ಲ, ಅದರ ಅಗತ್ಯವೂ ಇಲ್ಲ. ತಮ್ಮ ಕೊಳದಲ್ಲಿ ಕ್ಲೋರಿನ್ ಇದೆ. ಆದರೆ ಅದು ಕೆಲಸ ಮಾಡಲಾಗದ ಸ್ಥಿತಿಯಲ್ಲಿದೆ ಎಂಬುದು ತಮ್ಮ ಪತ್ರದಿಂದಲೇ ತಿಳಿಯುತ್ತದೆ.

ಟಿಸಿಸಿಎ ಪುಡಿಯಲ್ಲಿ ಕ್ಲೋರಿನ್ ಜೊತೆಗೆ ಸಯನೂರಿಕ್ ಆಮ್ಲವೂ ಇರುತ್ತದೆ. ನಮ್ಮ ಬೇಸಿಗೆಯ ಬಿಸಿಲಿಗೆ ಬರಿಯ ಕ್ಲೋರಿನ್ ಕೆಲವೇ ಗಂಟೆಗಳಲ್ಲಿ ನಾಶವಾಗುವುದರಿಂದ, ಅದನ್ನು ಹಿಡಿದಿಟ್ಟು ಕಾಪಾಡಲು ಈ ಆಮ್ಲ ಸ್ವಲ್ಪ ಪ್ರಮಾಣದಲ್ಲಿ ಬೇಕು. 30ರಿಂದ 50 ಪಿಪಿಎಂ (ಅಂದರೆ ಲೀಟರ್ ನೀರಿಗೆ ಅಷ್ಟು ಮಿಲಿಗ್ರಾಂ) ಸಾಕು. ತೊಂದರೆಯೆಂದರೆ, ಕ್ಲೋರಿನ್ ಖರ್ಚಾಗಿ ಹೋಗುತ್ತದೆ, ಈ ಆಮ್ಲ ಮಾತ್ರ ನೀರಿನಲ್ಲೇ ಉಳಿದು ದಿನದಿನಕ್ಕೂ ಸೇರುತ್ತಾ ಹೋಗುತ್ತದೆ. ತಮ್ಮ ಲೆಕ್ಕವನ್ನೇ ನೋಡೋಣ: 1 ಲಕ್ಷ ಲೀಟರ್ ನೀರಿಗೆ ದಿನಕ್ಕೆ 250 ಗ್ರಾಂ ಪುಡಿ ಹಾಕಿದರೆ ತಿಂಗಳಿಗೆ ಸುಮಾರು 40 ಪಿಪಿಎಂ ಆಮ್ಲ ಕೂಡುತ್ತದೆ, ಅಂದರೆ ಮೂರು ತಿಂಗಳಲ್ಲಿ ಅದು 100ನ್ನು ದಾಟಬಹುದು. ಆಮ್ಲ ಹೆಚ್ಚಿದಷ್ಟೂ ಅದು ಕ್ಲೋರಿನ್ನನ್ನು ಬಿಗಿಯಾಗಿ ಹಿಡಿದಿಟ್ಟು ಅದರ ಕೆಲಸವನ್ನು ನಿಧಾನಗೊಳಿಸುತ್ತದೆ. ಆದ್ದರಿಂದ ಪಾಚಿಯನ್ನು ತಡೆಯಲು ಮುಕ್ತ ಕ್ಲೋರಿನ್ (ಬೆವರು, ಮೂತ್ರದ ಜೊತೆ ಇನ್ನೂ ಸೇರದ ಕ್ಲೋರಿನ್) ಈ ಆಮ್ಲದ ಪ್ರಮಾಣದ ಶೇ 7.5ರಷ್ಟಾದರೂ ಇರಬೇಕು. ಆಮ್ಲ 40 ಇದ್ದಾಗ 3 ಪಿಪಿಎಂ ಕ್ಲೋರಿನ್ ಸಾಕಾಗುತ್ತಿದ್ದ ಕೊಳಕ್ಕೆ, ಆಮ್ಲ 100 ಆದಾಗ 7.5 ಬೇಕಾಗುತ್ತದೆ. ದುಪ್ಪಟ್ಟು ಪುಡಿ ಹಾಕಿಸಿದಾಗ ಆ ಆಮ್ಲವೂ ದುಪ್ಪಟ್ಟಾಗಿ ಬಿದ್ದಿತು; ಹಾಗಾಗಿಯೇ ವಾರ ಕಳೆಯುವುದರೊಳಗೆ ಹಸಿರು ಮರಳಿ ಬಂದಿತು.

ಹಳದಿ ಬಣ್ಣದ ವಿಷಯ. ಆ ಕಿಟ್‌ನ ದ್ರಾವಣ ನೀರಿನಲ್ಲಿರುವ ಒಟ್ಟು ಕ್ಲೋರಿನ್ನನ್ನು ತೋರಿಸುತ್ತದೆ. ಬೆವರು ಮತ್ತು ಮೂತ್ರದ ಜೊತೆ ಸೇರಿ ಬಲಗುಂದಿದ ಕ್ಲೋರಿನ್ನೂ ಅದರಲ್ಲಿ ಸೇರಿರುತ್ತದೆ. ಮುಕ್ತ ಕ್ಲೋರಿನ್ನನ್ನು ಬೇರೆಯಾಗಿ ಅಳೆಯುವ, ಗುಲಾಬಿ ಬಣ್ಣ ಬರುವ ಡಿಪಿಡಿ ಕಿಟ್ ಕೊಳ್ಳಿ. ಅದರ ಜೊತೆ ಸಯನೂರಿಕ್ ಆಮ್ಲದ ಪರೀಕ್ಷೆಯೂ ಇರುವಂತೆ ನೋಡಿಕೊಳ್ಳಿ. ಕೊಳದ ವಿಷಯದಲ್ಲಿ ಸಂಘದ ಹಣ ಮೊದಲು ವ್ಯಯವಾಗಬೇಕಾದದ್ದು ಇದಕ್ಕೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಆಮ್ಲವನ್ನು ಇಳಿಸಲು ನೀರನ್ನು ಸ್ವಲ್ಪ ಬದಲಿಸುವುದಲ್ಲದೆ ಸುಲಭವಾದ ಬೇರೆ ಉಪಾಯವಿಲ್ಲ. ಆದರೆ ಅದನ್ನು ಒಂದೇ ದಿನ ಮಾಡಬೇಕಾಗಿಲ್ಲ. ಫಿಲ್ಟರ್ ಬ್ಯಾಕ್‌ವಾಶ್ ಮಾಡುವಾಗ, ಅಂದರೆ ನೀರನ್ನು ಹಿಮ್ಮುಖವಾಗಿ ಹಾಯಿಸಿ ಅದನ್ನು ತೊಳೆಯುವಾಗ, ಹೇಗೂ ನೀರು ಹೊರಹೋಗುತ್ತದೆ. ಆ ಜಾಗಕ್ಕೆ ಹೊಸ ನೀರು ಸೇರಿಸುತ್ತಾ, ಪುಡಿಯನ್ನು ಇಂದಿನಿಂದಲೇ ನಿಲ್ಲಿಸಿ, ಸೋಡಿಯಂ ಹೈಪೋಕ್ಲೋರೈಟ್ ದ್ರಾವಣಕ್ಕೆ ಬದಲಾಯಿಸಿದರೆ ಆಮ್ಲ ಕ್ರಮೇಣ ಇಳಿಯುತ್ತದೆ. ಶೇ 10ರ ದ್ರಾವಣವಾದರೆ ತಮ್ಮ ಕೊಳಕ್ಕೆ 2 ಲೀಟರ್ ಹಾಕಿದಾಗ ಕ್ಲೋರಿನ್ ಸುಮಾರು 2 ಪಿಪಿಎಂ ಏರುತ್ತದೆ. ಬೋರ್‌ವೆಲ್ಲಿನ ಗಡಸು ನೀರಿಗೆ ಬ್ಲೀಚಿಂಗ್ ಪೌಡರ್‌ಗಿಂತ ಇದೇ ವಾಸಿ. ಬ್ಲೀಚಿಂಗ್ ಪೌಡರ್ ನೀರಿಗೆ ಇನ್ನಷ್ಟು ಸುಣ್ಣ ಸೇರಿಸುತ್ತದೆ. ಆ ಸುಣ್ಣ ಟೈಲ್ಸ್ ಮೇಲೆ ಒರಟಾಗಿ ಕಟ್ಟಿ ಪಾಚಿಗೆ ಹಿಡಿತ ಕೊಡುತ್ತದೆ. ದ್ರಾವಣವು ಸೆಖೆಯಲ್ಲಿ ಬೇಗ ಸತ್ವ ಕಳೆದುಕೊಳ್ಳುವುದರಿಂದ ತಿಂಗಳುಗಟ್ಟಲೆ ಶೇಖರಿಸದೆ ಆಗಾಗ ತರಿಸಿಕೊಳ್ಳಿ. ಇದು ಪಿಎಚ್ ಏರಿಸುತ್ತದೆ, ಆದ್ದರಿಂದ ಪಿಎಚ್ 7.2ರಿಂದ 7.6ರ ನಡುವೆ ಇರುವಂತೆ ಪ್ರತಿದಿನ ನೋಡಬೇಕು. ಒಂದು ಎಚ್ಚರಿಕೆಯನ್ನು ಕೆಲಸದವರಿಗೆ ಖುದ್ದಾಗಿ ಹೇಳಿ: ಟಿಸಿಸಿಎ, ಬ್ಲೀಚಿಂಗ್ ಪೌಡರ್, ಹೈಪೋಕ್ಲೋರೈಟ್, ಆಸಿಡ್ ಇವುಗಳಲ್ಲಿ ಯಾವೆರಡನ್ನೂ ಒಂದೇ ಬಕೆಟ್ಟಿನಲ್ಲಿ, ಒಂದೇ ಮಗ್ಗಿನಲ್ಲಿ ಬೆರೆಸಬಾರದು. ವಿಷಾನಿಲ ಬರಬಹುದು, ಬೆಂಕಿಯೂ ಹತ್ತಬಹುದು.

ಈಗಿರುವ ಹಸಿರನ್ನು ತೆಗೆಯಲು, ಸೂರ್ಯ ಮುಳುಗಿದ ಮೇಲೆ ಕ್ಲೋರಿನ್ನನ್ನು ಹೆಚ್ಚಾಗಿ ಹಾಕಿ, ಪಂಪನ್ನು ರಾತ್ರಿಯಿಡೀ ನಡೆಸಿ, ಬೆಳಿಗ್ಗೆ ಗೋಡೆ ತಳಗಳನ್ನು ಉಜ್ಜಿಸಿ; ನೀರು ತಿಳಿಯಾಗುವವರೆಗೆ ಇದನ್ನೇ ಮುಂದುವರಿಸಿ. ಕೊಳದ ತಳದ ಜಾಲರಿ ಸ್ಪಷ್ಟವಾಗಿ ಕಾಣಿಸಿ, ಕ್ಲೋರಿನ್ ಮಾಮೂಲಿ ಮಟ್ಟಕ್ಕೆ ಇಳಿಯುವ ತನಕ ಯಾರನ್ನೂ ನೀರಿಗಿಳಿಸಬೇಡಿ. ಮಬ್ಬು ನೀರಿನಲ್ಲಿ ಮುಳುಗಿದ ಮಗು ಮೇಲಿನವರ ಕಣ್ಣಿಗೆ ಬೀಳುವುದಿಲ್ಲ.

ಮುಂದೆ ಪಾಚಿ ಬಾರದಂತೆ ನೋಡಿಕೊಳ್ಳುವುದರಲ್ಲಿ ರಾಸಾಯನಿಕದಷ್ಟೇ ಬ್ರಷ್ಷಿಗೂ ಪಾತ್ರವಿದೆ. ಕಳೆದ ವರ್ಷ ಬನ್ನೇರುಘಟ್ಟ ರಸ್ತೆಯ ಕಡೆ ಒಂದು ಕೊಳವನ್ನು ನೋಡಲು ಹೋಗಿದ್ದೆ. ತಳದ ಟೈಲ್ಸ್ ಎಣಿಸಬಹುದಾದಷ್ಟು ನೀರು ತಿಳಿಯಾಗಿತ್ತು. ಏಣಿಯ ಹಿಂದೆ ಕೈ ಹಾಕಿ ಟೈಲ್ಸ್ ಸಂದಿಯಲ್ಲಿ ಬೆರಳಾಡಿಸಿದಾಗ ಲೋಳೆ ಅಂಟಿತು; ಬೆರಳನ್ನು ಬಿಳಿಯ ಕರವಸ್ತ್ರಕ್ಕೆ ಒರೆಸಿದೆ, ಹಸಿರು ಗೆರೆ ಮೂಡಿತು. ಏಣಿಯ ಹಿಂಬದಿ, ಮೆಟ್ಟಿಲ ಮೂಲೆ, ದೀಪದ ಸುತ್ತ, ನೀರು ಸುಳಿಯದ ನೆರಳಿನ ಕಡೆ ಪಾಚಿ ಮೊದಲು ನೆಲೆಯೂರುತ್ತದೆ, ಮತ್ತು ಆ ಲೋಳೆಯ ಒಳಗಿರುವುದಕ್ಕೆ ಕ್ಲೋರಿನ್ ಸುಲಭವಾಗಿ ತಲುಪುವುದಿಲ್ಲ. ವಾರಕ್ಕೆ ಎರಡು ಬಾರಿಯಾದರೂ ಈ ಜಾಗಗಳನ್ನು ಉಜ್ಜಿಸಿ. ಇಡೀ ಕೊಳದ ನೀರು 6ರಿಂದ 8 ಗಂಟೆಗೊಮ್ಮೆ ಫಿಲ್ಟರ್ ಮೂಲಕ ಹಾಯಬೇಕು; ವಿದ್ಯುತ್ ಉಳಿಸಲೆಂದು ಪಂಪನ್ನು ಎರಡೇ ಗಂಟೆ ನಡೆಸುವ ಸಂಘಗಳನ್ನು ಕಂಡಿದ್ದೇನೆ, ಆ ಉಳಿತಾಯ ರಾಸಾಯನಿಕದ ಬಿಲ್ಲಿನಲ್ಲಿ ಕರಗಿಹೋಗುತ್ತದೆ. ಮೇ ತಿಂಗಳ ಗುಡುಗು ಮಳೆ ಬಂದ ಮರುದಿನ, ಗುಲ್‌ಮೊಹರ್ ಎಸಳುಗಳನ್ನೂ ಎಲೆಗಳನ್ನೂ ಬೆಳಿಗ್ಗೆಯೇ ಬಲೆಯಿಂದ ತೆಗೆಸಿ, ಕ್ಲೋರಿನ್ ಮತ್ತೆ ಅಳೆಸಿ. ಹುಲ್ಲುಹಾಸಿಗೆ ಹಾಕಿದ ಗೊಬ್ಬರದ ನೀರು ಕೊಳದತ್ತ ಹರಿಯದಂತೆ ಅಂಚನ್ನು ಸರಿಪಡಿಸುವುದೂ ಅಗತ್ಯ, ಏಕೆಂದರೆ ಅದರಲ್ಲಿರುವ ಫಾಸ್ಫೇಟ್ ಪಾಚಿಗೆ ಆಹಾರ.

ಪ್ರಶ್ನೆ: ಪಾಚಿ ಹೋಗಲು ಕೊಳಕ್ಕೆ ಮೈಲುತುತ್ತ ಹಾಕಿದರೆ ಸಾಕೆಂದು ನೆರೆಯವರು ಹೇಳುತ್ತಾರೆ. ಹಾಕಬಹುದೇ?
— ಓದುಗರೊಬ್ಬರು, ಯಲಹಂಕ

ಉತ್ತರ: ಮೈಲುತುತ್ತದಲ್ಲಿರುವ ತಾಮ್ರ ಪಾಚಿಯನ್ನು ಕೊಲ್ಲುವುದು ನಿಜ. ಆದರೆ ಕ್ಲೋರಿನ್ ಮಾಡುವಂತೆ ಅದು ರೋಗಾಣುಗಳನ್ನು ತಕ್ಷಣ ನಿವಾರಿಸುವುದಿಲ್ಲ. ಆದ್ದರಿಂದ ನೀರು ತಿಳಿಯಾಗಿ ಕಂಡರೂ ಮಕ್ಕಳಿಗೆ ಸುರಕ್ಷಿತವಾಗಿರಲಿಕ್ಕಿಲ್ಲ. ಅಳತೆ ಮೀರಿದರೆ ಟೈಲ್ಸ್ ಮೇಲೆ ಕಲೆ ನಿಲ್ಲುತ್ತದೆ, ನರೆತ ಕೂದಲು ಹಸಿರು ಛಾಯೆಗೆ ತಿರುಗುತ್ತದೆ. ಆ ನೀರನ್ನು ಹೊರಬಿಟ್ಟು ಅದು ರಾಜಕಾಲುವೆಯ ಮೂಲಕ ಕೆರೆ ಸೇರಿದರೆ ಮೀನುಗಳಿಗೂ ಅಪಾಯ. ಮೈಲುತುತ್ತ ಬೇಡ, ಮೇಲಿನ ಉತ್ತರದಲ್ಲಿ ಹೇಳಿದಂತೆ ಮುಕ್ತ ಕ್ಲೋರಿನ್, ಸಯನೂರಿಕ್ ಆಮ್ಲ ಮತ್ತು ಪಿಎಚ್ ಮೂರನ್ನೂ ಮೊದಲು ಅಳೆಸಿ.