ಡೆಂಗ್ಯೂ ಬಂದು ಹೋದ ಮೇಲೆ ಮುಟ್ಟು ಯಾಕೆ ತಡ?

ಪ್ರಶ್ನೆ: ನನಗೆ 38 ವರ್ಷ. ಸಕಲೇಶಪುರದ ಹತ್ತಿರ ತೋಟದ ಮನೆ. ಜುಲೈನಲ್ಲಿ ಡೆಂಗ್ಯೂ ಬಂತು. ಜ್ವರದ ನಡುವೆಯೇ ಮುಟ್ಟಾಗಿ ವಿಪರೀತ ರಕ್ತ ಹೋಯಿತು. ಮುಂದಿನ ಮುಟ್ಟು 16 ದಿನ ತಡ. 2021ರಲ್ಲಿ ಕೋವಿಡ್ ಲಸಿಕೆ ಹಾಕಿಸಿಕೊಂಡಾಗಲೂ ಒಂದು ವಾರ ತಡವಾಗಿತ್ತು. ಗರ್ಭಕೋಶಕ್ಕೆ ಏನಾದರೂ ಆಗಿದೆಯಾ? 12 ವರ್ಷದ ಮಗಳಿಗೆ ಎಚ್‌ಪಿವಿ ಲಸಿಕೆ ಹಾಕಿಸಲು ಹೆದರಿಕೆ.

ಉತ್ತರ: ಜ್ವರ ಇದ್ದಾಗ ಹೊಟ್ಟೆನೋವಿಗೆ ಯಾವ ಮಾತ್ರೆ ತಗೊಂಡಿರಿ? ನೀವು ಬರೆದಿಲ್ಲ, ಆದರೆ ನನಗೆ ಮೊದಲು ಬಂದ ಯೋಚನೆ ಅದೇ. ಡೆಂಗ್ಯೂನಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಹಾಗಾಗಿ ಮುಟ್ಟು ಜೋರಾಗುತ್ತದೆ. ಮುಟ್ಟಿನ ನೋವಿಗೆ ನಾವೆಲ್ಲ ಮೆಡಿಕಲ್ ಸ್ಟೋರಿನಿಂದ ತರುವ ಮೆಫೆನಮಿಕ್ ಆಸಿಡ್, ಐಬುಪ್ರೊಫೆನ್ ಆಗ ರಕ್ತಸ್ರಾವವನ್ನು ಇನ್ನೂ ಹೆಚ್ಚಿಸಬಹುದು. ಡೆಂಗ್ಯೂ ಅನುಮಾನ ಇದ್ದರೂ ಸಾಕು, ಅವು ಬೇಡವೇ ಬೇಡ. ಪ್ಯಾರಾಸಿಟಮಾಲ್ ಮಾತ್ರ. ಜ್ವರ ಇಳಿಯುವ ದಿನಗಳೇ ಜಾಸ್ತಿ ಅಪಾಯದವು. ಆಗ ಗಂಟೆಗೊಂದು ಪ್ಯಾಡ್ ನೆನೆದರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ಆಸ್ಪತ್ರೆಗೆ ಹೊರಡಿ.

ಇನ್ನು ತಡವಾದದ್ದು. ಮುಟ್ಟಿಗೆ ಸುಮಾರು ಎರಡು ವಾರ ಮೊದಲು ಅಂಡ ಬಿಡುಗಡೆ ಆಗುತ್ತದೆ. ಅದಕ್ಕೆ ಅಪ್ಪಣೆ ಕೊಡುವುದು ಮಿದುಳು. ಮೈ ಜ್ವರದಲ್ಲಿ ಬೇಯುತ್ತಿದ್ದರೆ, ಊಟ ಸೇರದಿದ್ದರೆ ಮಿದುಳು ಆ ಕೆಲಸ ಮುಂದೂಡುತ್ತದೆ. ಅಂಡ ತಡವಾದರೆ ಮುಟ್ಟೂ ತಡ. ಸಾಮಾನ್ಯವಾಗಿ ಗರ್ಭಕೋಶಕ್ಕೆ ಏನೂ ಆಗಿರುವುದಿಲ್ಲ. ಒಂದೆರಡು ತಿಂಗಳಲ್ಲಿ ಸರಿಹೋಗುತ್ತದೆ. ಆದರೂ ಮತ್ತೆ ತಡವಾದರೆ ಮನೆಯಲ್ಲೇ ಗರ್ಭಧಾರಣೆ ಪರೀಕ್ಷೆ ಮಾಡಿಕೊಳ್ಳಿ. 38ಕ್ಕೆ ಅದನ್ನು ಮರೆಯುವವರೇ ಹೆಚ್ಚು. ಮೂರು ತಿಂಗಳು ಬರದಿದ್ದರೆ ಥೈರಾಯ್ಡ್ ನೋಡಿಸಿ. ಅಷ್ಟು ರಕ್ತ ಹೋಗಿದೆ, ಹಿಮೋಗ್ಲೋಬಿನ್ ಪರೀಕ್ಷೆಯನ್ನಂತೂ ಈ ವಾರವೇ ಮಾಡಿಸಿ.

2021ರಲ್ಲಿ ನಿಮಗಾದದ್ದು ಭ್ರಮೆಯಲ್ಲ. ಆಗ ಎಷ್ಟೋ ಹೆಂಗಸರು ಹೇಳಿಕೊಂಡರೂ 'ಸುಮ್ನೆ ಟೆನ್ಷನ್' ಅಂತ ತಳ್ಳಿಹಾಕಿದರು. ಅದು ನನಗೆ ಇವತ್ತಿಗೂ ಬೇಸರ. 2022ರಲ್ಲಿ ಬಂದ ಅಧ್ಯಯನವೊಂದು ಹಲವು ದೇಶಗಳ ಸುಮಾರು 20,000 ಮಂದಿಯ ಮುಟ್ಟಿನ ಲೆಕ್ಕ ನೋಡಿತು. ಲಸಿಕೆ ನಂತರ ಸರಾಸರಿ ಒಂದು ದಿನಕ್ಕಿಂತ ಕಡಿಮೆ ತಡ. ಕೆಲವರಿಗೆ ವಾರ ದಾಟಿತ್ತು. ಬಹುತೇಕರಿಗೆ ಮುಂದಿನ ಸಲವೇ ಸರಿಹೋಯಿತು. ನಿಮಗೂ ಹಾಗೇ ಆಗಿತ್ತು ಅಲ್ವಾ? 2021ರ ಏಪ್ರಿಲ್‌ನಲ್ಲಿ ಮುಟ್ಟಿನ ಐದು ದಿನ ಹಿಂದೆ ಮುಂದೆ ಲಸಿಕೆ ಬೇಡ ಅನ್ನುವ ವಾಟ್ಸಾಪ್ ಮೆಸೇಜ್ ಓಡಾಡಿತ್ತು. ಸುಳ್ಳು ಅಂತ ಸರ್ಕಾರವೇ ಹೇಳಬೇಕಾಯಿತು.

ಮಗಳಿಗೆ ಎಚ್‌ಪಿವಿ ಲಸಿಕೆ ದಯವಿಟ್ಟು ಹಾಕಿಸಿ. ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಡೆಯುವ ಲಸಿಕೆ ಅದು. 9ರಿಂದ 14 ವರ್ಷವೇ ಒಳ್ಳೆಯ ವಯಸ್ಸು. ಅವಳು ಇನ್ನೂ ದೊಡ್ಡವಳಾಗಿರದಿದ್ದರೂ ಕೊಡಿಸಬಹುದು, ಮುಟ್ಟಿನ ದಿನವೇ ಬಂದರೂ ಕೊಡಿಸಬಹುದು. ತಿಂಡಿ ತಿನ್ನಿಸಿ ಕರೆದುಕೊಂಡು ಹೋಗಿ. ಈ ವಯಸ್ಸಿನ ಮಕ್ಕಳಿಗೆ ಸೂಜಿ ಚುಚ್ಚಿದಾಗ ತಲೆಸುತ್ತು ಬರುವುದುಂಟು. ಹದಿನೈದು ನಿಮಿಷ ಅಲ್ಲೇ ಕೂರಿಸಿ, ಆಮೇಲೆ ಬಸ್ ಹತ್ತಿಸಿ.